ಚಾಚಾ ಎಂದೂ ಕಾಯಿಸದ ಇಂಜಿನ್

ಈ ಸಲದ ಆಯುಧಪೂಜೆಯ ಬೆಳಿಗ್ಗೆ ನನ್ನ ಹೆಂಡತಿ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಸೇವಂತಿಗೆ, ಗೆಜ್ಜೆವಸ್ತ್ರ ಇಟ್ಟುಕೊಂಡು ಬಂದಳು. ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲದರ ಪೂಜೆ ಮುಗಿಸಿ, ಕೊನೆಗೆ ಕಂಪ್ಯೂಟರಿನ ಮುಂದೆ ನಿಂತು ಹತ್ತಿಯ ಆ ಪುಟ್ಟ ಹಾರವನ್ನು ಅದರ ಮೇಲಿಡಲು ಹೋದಳು. ನಾನು ಅವಳ ಕೈ ಹಿಡಿದುಬಿಟ್ಟೆ. ಹೂವು ಇಡು, ಅದೊಂದು ಬೇಡ ಎಂದೆ. ಪ್ರತಿ ವರ್ಷವೂ ಹೀಗೇ ಅನ್ನುತ್ತೇನೆ. ಅವಳು ಮದುವೆಯಾಗಿ ಈ ಮನೆಗೆ ಬಂದದ್ದು ಅದೆಲ್ಲ ನಡೆದ ಮೇಲೆ. ಕಾರಣ ಅವಳಿಗೆ ಗೊತ್ತಿಲ್ಲ, ನಾನು ಹೇಳಿಯೂ ಇಲ್ಲ. ಆ ಹತ್ತಿಯಲ್ಲಿ ಕುಂಕುಮದ ಚುಕ್ಕೆ ಕಂಡರೆ ಸಾಕು, ಎದುರುಮನೆಯ ಚಾಚಾ ಎದ್ದು ಹೋದದ್ದು ನೆನಪಾಗುತ್ತದೆ...

ಆಗ ಗೌರಿಬಿದನೂರಿನ ಇದೇ ಮನೆಯಲ್ಲಿ ನಾನು, ಅಮ್ಮ ಇಬ್ಬರೇ ಇದ್ದೆವು. ನನ್ನದು ಗುಮಾಸ್ತನ ಕೆಲಸ. ಕಚೇರಿಯಲ್ಲಿ ಬಂದವರ ಮೇಲೆಲ್ಲ ರೇಗಿ, ಸಂಜೆ ಮನೆಗೆ ಬಂದು ಗೇಮ್ ಆಡಿದರೆ ತಲೆ ತಣ್ಣಗಾಗುತ್ತಿತ್ತು. ಕಂಪ್ಯೂಟರಿಗೆ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೆ. ಪರದೆಯ ಮೇಲಿನ ಚಿತ್ರಗಳನ್ನೆಲ್ಲ ಮೂಡಿಸುವುದು ಅದೇ. ಗೇಮ್ ಶುರುವಾಯಿತೆಂದರೆ ನನ್ನ ತಲೆಯ ಬಿಸಿಯೆಲ್ಲ ಅದಕ್ಕೆ ಹೋಗುತ್ತಿತ್ತು. ಗಾಳಿಯಾಡಲೆಂದು ಕಂಪ್ಯೂಟರಿನ ಡಬ್ಬದ ಒಂದು ಬದಿಯನ್ನು ಬಿಚ್ಚಿಯೇ ಇಟ್ಟಿದ್ದೆ. ಕಾರ್ಡು ಎಷ್ಟು ಡಿಗ್ರಿ ಕಾದಿದೆ ಎನ್ನುವ ಅಂಕಿ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು.

ಚಾಚಾ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ಗೌರಿಬಿದನೂರಿನಿಂದ ಮಂಚೇನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ದಾಟಿ ಚಿಂತಾಮಣಿ, ಮತ್ತೆ ವಾಪಸ್ಸು. ಮೂವತ್ತು ವರ್ಷ ಅದೇ ದಾರಿ. ಆಮೇಲೆ ಸಕ್ಕರೆ ಕಾಯಿಲೆ ಬಂದು ಪಾದಗಳು ಜೋಮು ಹಿಡಿದವು. ಬ್ರೇಕಿನ ಮೇಲೆ ಕಾಲಿದೆಯೋ ಇಲ್ಲವೋ ತಿಳಿಯದ ದಿನ, ಯಾರೂ ಹೇಳುವ ಮೊದಲೇ ಮಾಲೀಕರ ಕೈಗೆ ಬಸ್ಸಿನ ಕೀ ಕೊಟ್ಟು ಬಂದರು. ಕಾಲಿಂದ ಚಪ್ಪಲಿ ಜಾರಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಮ್ಮ ಮನೆಯಿಂದ ಹೊರಡುವಾಗ ಹೊಸಿಲ ಹತ್ತಿರ ಬಗ್ಗಿ, ಎರಡೂ ಕಾಲಲ್ಲಿವೆಯೇ ಎಂದು ನೋಡಿಕೊಂಡೇ ಹೆಜ್ಜೆ ಇಡುತ್ತಿದ್ದರು.

ಒಂದು ಸಂಜೆ ನಾನು ಬಸ್ಸು ಓಡಿಸುವ ಗೇಮ್ ಆಡುತ್ತಿದ್ದಾಗ ಅಮ್ಮನನ್ನು ಏನೋ ಕೇಳಲು ಬಂದವರು ನನ್ನ ಹಿಂದೆಯೇ ನಿಂತುಬಿಟ್ಟರು. ತುಂಬ ಹೊತ್ತು ನೋಡಿ, "ಇದ್ರಲ್ಲಿ ಕಾಲಿಗೆ ಕೆಲ್ಸ ಇಲ್ವೇನಪ್ಪಾ?" ಎಂದರು.

"ಇಲ್ಲ ಚಾಚಾ, ಎಲ್ಲಾ ಬೆರಳಲ್ಲೇ."

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅಂದಿನಿಂದ ವಾರಕ್ಕೆ ಎರಡು ಮೂರು ಸಲ ಬರತೊಡಗಿದರು. ಪರದೆಯ ಮೇಲೆ ಯಾವುದೋ ದೇಶದ ರಸ್ತೆ, ಅಕ್ಕಪಕ್ಕ ಹಿಮ. ಚಾಚಾ ಮಾತ್ರ ಸ್ಟಾಪು ಬಂದಾಗಲೆಲ್ಲ, "ಮಂಚೇನಳ್ಳಿ ಯಾರಪ್ಪಾ, ಮುಂದಕ್ಕೆ ಬನ್ನಿ" ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ಅಮ್ಮ ನಗುತ್ತಿದ್ದಳು. ಬಸ್ಸು ಬಿಟ್ಟ ಮೇಲೆ ಚಾಚಾನ ಮುಖ ಅಷ್ಟು ಗೆಲುವಾಗಿದ್ದುದನ್ನು ನಾವು ಕಂಡಿರಲಿಲ್ಲ.

ಅವರ ಕಣ್ಣು ರಸ್ತೆಯ ಮೇಲೆಷ್ಟಿತ್ತೋ ಮೂಲೆಯ ಆ ಅಂಕಿಯ ಮೇಲೂ ಅಷ್ಟೇ ಇತ್ತು. ಎಂಬತ್ತು ದಾಟಿತೋ, ಬಸ್ಸನ್ನು ಪಕ್ಕಕ್ಕೆ ಹಾಕಿ ಗೇಮನ್ನೇ ಮುಚ್ಚಿಬಿಡುತ್ತಿದ್ದರು. ಹತ್ತು ನಿಮಿಷ ಹೊರಗೆ ಕೂತು, ಅಮ್ಮ ಕೊಟ್ಟ ಸಕ್ಕರೆಯಿಲ್ಲದ ಟೀ ಕುಡಿದು ಬರುತ್ತಿದ್ದರು. ನಾನಾಗಿದ್ದರೆ ತೊಂಬತ್ತಾದರೂ ಬಿಡುತ್ತಿರಲಿಲ್ಲ. "ಮೂವತ್ತು ವರ್ಷದಲ್ಲಿ ಒಂದ್ಸಲಾನೂ ಇಂಜಿನ್ ಕಾದು ಸೀಜ್ ಆಗೋಕೆ ಬಿಟ್ಟಿಲ್ಲಪ್ಪ ನಾನು" ಎನ್ನುತ್ತಿದ್ದರು. ಅವರು ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದುದು ಅದೊಂದೇ. ಆಯುಧಪೂಜೆಯ ದಿನ ಚಕ್ರದಡಿಯ ನಿಂಬೆಹಣ್ಣಿನ ಮೇಲೆ ಬಸ್ಸು ಹತ್ತಿಸುತ್ತಿದ್ದವರೂ ಅವರೇ. ಆದರೆ ರೇಡಿಯೇಟರಿನ ಮುಂದೆ ಹಾರ ಕಟ್ಟಲು ಮಾತ್ರ ಕಂಡಕ್ಟರನನ್ನು ಬಿಡುತ್ತಿರಲಿಲ್ಲವಂತೆ. ಗಾಳಿ ಹೋಗುವ ಜಾಗಕ್ಕೆ ಏನನ್ನೂ ಅಡ್ಡ ಇಡಬಾರದು ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದೆ. ಕೇಳಿ, ಮರೆತೂ ಬಿಟ್ಟಿದ್ದೆ.

ಆ ವರ್ಷದ ಹಬ್ಬಕ್ಕೆ ಚಾಚಾ ಊರಲ್ಲಿರಲಿಲ್ಲ, ಚಿಂತಾಮಣಿಯ ಮಗಳ ಮನೆಗೆ ಹೋಗಿದ್ದರು. ಕಂಪ್ಯೂಟರಿನ ಪೂಜೆ ಮಾಡಿದವನು ನಾನು. ಕಾರ್ಡೇ ಇದರ ಇಂಜಿನ್ ಅಲ್ಲವೇ ಎಂದುಕೊಂಡು, ತೆರೆದ ಬದಿಯಿಂದ ಕೈ ಹಾಕಿ ಒಂದು ಗೆಜ್ಜೆವಸ್ತ್ರವನ್ನು ಅದರ ಮೇಲೆಯೇ ಇಟ್ಟೆ. ಹಬ್ಬ ಮುಗಿದ ಮೇಲೆ ಹೂವು ತೆಗೆದೆ. ಒಳಗಿಟ್ಟಿದ್ದು ನೆನಪಿಗೆ ಬರಲಿಲ್ಲ.

ಮತ್ತೆ ಕಂಪ್ಯೂಟರ್ ಹಾಕಿದ್ದು ಆ ಭಾನುವಾರ, ಚಾಚಾ ಬಂದಾಗಲೇ. ಅವರನ್ನು ಕೂರಿಸಿ, ನಾನು ನಡುಮನೆಯಲ್ಲಿ ಕಚೇರಿಯ ಸ್ನೇಹಿತನೊಬ್ಬನ ಜೊತೆ ಮಾತಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದರು. "ಸೌಂಡ್ ಬೇರೆ ಆಗಿದೆಯಪ್ಪಾ, ಒಂದ್ಸಲ ಬಂದು ನೋಡು."

"ಅದು ಹಂಗೇ ಚಾಚಾ, ಓಡಿಸಿ" ಎಂದೆ, ಕೂತಲ್ಲಿಂದಲೇ.

ಇನ್ನೊಮ್ಮೆ ಕೂಗಿದರು. ನಾನು ಏಳಲಿಲ್ಲ. ಆಮೇಲೆ ಸುಟ್ಟ ವಾಸನೆ ಬಂತು. ಓಡಿಹೋಗಿ ನೋಡಿದರೆ ಪರದೆ ಕಪ್ಪಾಗಿತ್ತು, ಚಾಚಾ ಎರಡೂ ಕೈ ಮೇಲಕ್ಕೆತ್ತಿ ಕೂತಿದ್ದರು. ಅಂಕಿ ಒಮ್ಮೆಲೇ ಏರಿತು, ನಿಲ್ಲಿಸಲು ಹೋಗುವಷ್ಟರಲ್ಲಿ ಆರಿಹೋಯಿತು ಎಂದು ಏನೋ ಹೇಳತೊಡಗಿದರು. ನಾನು ಕೇಳಿಸಿಕೊಳ್ಳಲಿಲ್ಲ.

"ಏನ್ ಚಾಚಾ, ಬಸ್ಸನ್ನೂ ಹಿಂಗೇ ಓಡಿಸ್ತಿದ್ರಾ ನೀವು?"

ಸ್ನೇಹಿತ ಬಾಗಿಲಲ್ಲೇ ನಿಂತಿದ್ದ. ಚಾಚಾ ಅವನನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ತಪ್ಪಾಯ್ತಪ್ಪಾ" ಎಂದು ಎದ್ದರು. ಆ ದಿನ ಹೊಸಿಲ ಹತ್ತಿರ ಅವರು ಬಗ್ಗಿ ನೋಡಲಿಲ್ಲ. ಒಂದು ಚಪ್ಪಲಿ ನಮ್ಮ ಬಾಗಿಲಲ್ಲೇ ಉಳಿಯಿತು. ಒಂದು ಕಾಲು ಬರಿಗಾಲು ಎಂದು ತಿಳಿಯದೆಯೇ ರಸ್ತೆ ದಾಟಿದರು... ಅದನ್ನು ನೋಡಿಯೂ ನಾನು ಕೂಗಲಿಲ್ಲ. ಸಂಜೆ ಆ ಚಪ್ಪಲಿಯನ್ನು ಅವರ ಮೆಟ್ಟಿಲ ಮೇಲಿಟ್ಟು, ಬಾಗಿಲು ತಟ್ಟದೆ ವಾಪಸ್ಸು ಬಂದೆ.

ನಾಲ್ಕು ದಿನದ ಮೇಲೆ ರಿಪೇರಿಗೆ ಒಯ್ಯಲೆಂದು ಕಾರ್ಡು ಬಿಚ್ಚಿದೆ. ಅದರ ಫ್ಯಾನಿನ ನಡುವೆ ಕುಂಕುಮದ ಚುಕ್ಕೆಯಿದ್ದ ಹತ್ತಿ ಬಿಗಿಯಾಗಿ ಸುತ್ತಿಕೊಂಡಿತ್ತು, ಅಂಚು ಕಂದಿತ್ತು. ಸೂಜಿಯಿಂದ ಎಳೆ ಎಳೆಯಾಗಿ ಬಿಡಿಸಿ, ಕಾರ್ಡನ್ನು ಮತ್ತೆ ಕೂರಿಸಿದೆ. ಏನೂ ಆಗಿಲ್ಲವೆಂಬಂತೆ ನಡೆಯಿತು. ಕಾವು ಹೆಚ್ಚಿ ತಾನಾಗಿಯೇ ಆರಿತ್ತು ಅಷ್ಟೆ, ಸುಟ್ಟ ವಾಸನೆ ಹತ್ತಿಯದು. ಅದು ಪೂರ್ತಿ ಸುಟ್ಟುಹೋಗಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಅವರ ಮನೆಗೆ ಇಪ್ಪತ್ತು ಹೆಜ್ಜೆ. ಶುಕ್ರವಾರ ನಮಾಜು ಮುಗಿಸಿ ಬಂದಾಗ ಹೇಳೋಣ ಎಂದುಕೊಂಡೆ, ಆಮೇಲೆ ಭಾನುವಾರ ಎಂದುಕೊಂಡೆ. ಊರವರ ಮೇಲೆಲ್ಲ ಬಾಯಿ ಮಾಡುವ ನನಗೆ ಒಂದು ತಪ್ಪು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ನಾನು ಹೊರಗೆ ಬಂದರೆ ಜಗಲಿಯಲ್ಲಿದ್ದ ಚಾಚಾ ಪೇಪರಿನಲ್ಲಿ ಮುಖ ಹುದುಗಿಸುತ್ತಿದ್ದರು. ಚಳಿಗಾಲ ಬಂತು. ಮತ್ತೆ ಮಗಳ ಮನೆಗೆ ಹೋದವರು ಅಲ್ಲೇ ಎದೆನೋವಿನಿಂದ ತೀರಿಕೊಂಡರು.

ಸುದ್ದಿ ಕೇಳಿ ಚಿಂತಾಮಣಿಗೆ ಬಸ್ಸು ಹತ್ತಿದೆ. ಅದೇ ದಾರಿ. ಮಂಚೇನಹಳ್ಳಿಯಲ್ಲಿ ಕಂಡಕ್ಟರ್ ಕೂಗಿದಾಗ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಅತ್ತೆ. ಅಲ್ಲಿ ಅವರ ಹೆಂಡತಿ, ಚಾಚಿ, ನನ್ನ ಕೈ ಹಿಡಿದುಕೊಂಡು ಹೇಳಿದರು. "ನಿನ್ನ ಮಷೀನಿಂದೇ ಯೋಚ್ನೆ ಮಾಡ್ತಿದ್ರಪ್ಪ. ಮೂವತ್ತು ವರ್ಷ ಒಂದು ಇಂಜಿನ್ ಕೆಡಿಸ್ಲಿಲ್ಲ, ಕೊನೆಗೆ ಆ ಹುಡುಗಂದು ಸುಟ್ಟುಬಿಟ್ನಲ್ಲ ಅಂತಿದ್ರು." ಸುತ್ತ ಅವರ ನೆಂಟರಿದ್ದರು. ಅವರ ಮುಂದೆಯೂ ನಾನು ನಿಜ ಹೇಳಲಿಲ್ಲ.

ಈ ಸಲ ಪೂಜೆ ಮುಗಿದ ಮೇಲೆ, ಪ್ರತಿ ವರ್ಷದಂತೆ ಕಡಲೆಪುರಿಯ ಪಾತ್ರೆ ಹಿಡಿದು ಎದುರಿಗಿರುವ ಚಾಚಿಯ ಮನೆಗೆ ಹೋದೆ. ಅಂಗಿಯ ಜೇಬಿನಲ್ಲಿ ಆ ಹತ್ತಿಯ ಎಳೆಯಿತ್ತು. ಇಷ್ಟು ವರ್ಷ ಒಂದು ಪೊಟ್ಟಣದಲ್ಲಿ ಇಟ್ಟುಕೊಂಡಿದ್ದೆ. ಅದನ್ನು ಅವರ ಅಂಗೈ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಕೆಡಿಸಿದವನು ನಾನು, ಚಾಚಾ ಎರಡು ಸಲ ಕರೆದಿದ್ದರು, ನಾನು ಏಳಲಿಲ್ಲ ಎಂದೆ. ಚಾಚಿ ಆ ಎಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲಿ ಎಂದು ಕಾಯುತ್ತಿದ್ದೆ.

"ನಂಗ್ಯಾಕೆ ಹೇಳ್ತೀಯಪ್ಪಾ" ಎಂದರು. "ಇದನ್ನ ಅವ್ರು ಕೇಳ್ಬೇಕಿತ್ತು."

ಒಳಗೆ ಹೋಗಿ ಪಾತ್ರೆ ತೊಳೆದು ತಂದರು. ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿದ್ದರು. ಚಾಚಾ ಇದ್ದಾಗ ಸಕ್ಕರೆ ಡಬ್ಬಿಯನ್ನು ಬಚ್ಚಿಡುತ್ತಿದ್ದ ಮನೆ ಅದು. ಹೊರಡುವಾಗ ಅವರ ಹೊಸಿಲ ಹತ್ತಿರ ನಿಂತು, ಚಪ್ಪಲಿ ಎರಡೂ ಕಾಲಲ್ಲಿವೆಯೇ ಎಂದು ಬಗ್ಗಿ ನೋಡಿಕೊಂಡು ರಸ್ತೆ ದಾಟಿದೆ.