ಇನ್ನೂರ ಹನ್ನೆರಡನೆಯ ಹೆಸರು

ಬೆಳಗಿನ ಆರೂವರೆ. ನವಿ ಮುಂಬಯಿಯ ರಬಾಳೆಯ ಕಚೇರಿಯೊಂದರ ಮೂರನೇ ಮಹಡಿಯಲ್ಲಿ ವಾಚ್‌ಮನ್ ಬಿಟ್ಟರೆ ಜಯಲತಾ ಒಬ್ಬರೇ. ಥಾಣೆಯಿಂದ ಲೋಕಲ್ ರೈಲು ಹಿಡಿದು ಬಂದವರು ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಖಾಲಿ ಕಂಪ್ಯೂಟರೊಂದಕ್ಕೆ ಕಂಪನಿಯ ಪ್ರಾಜೆಕ್ಟನ್ನು ಹಾಕಿ ಓಡಿಸುತ್ತಾರೆ. ಅದು ಓಡುವುದಿಲ್ಲ. ಇಂಥ ಲೈಬ್ರರಿ ಸಿಗಲಿಲ್ಲವೆಂದು ಗೊಣಗಿ ನಿಲ್ಲುತ್ತದೆ. ಆ ಹೆಸರು ಬರೆದುಕೊಂಡು, ಕೇಳಿದ್ದನ್ನು ಕೊಟ್ಟು ಮತ್ತೆ ಓಡಿಸುತ್ತಾರೆ. ಮತ್ತೆ ನಿಲ್ಲುತ್ತದೆ. "ಅದು ಕೇಳ್ತಾ ಹೋಗ್ತದೆ, ನಾನು ಬರೀತಾ ಹೋಗ್ತೇನೆ. ಹತ್ತು ಗಂಟೆಗೆ ಆಫೀಸಿನ ಪಬ್ಲಿಕ್ ಬಂದ ಮೇಲೆ ಈ ಮಷೀನ್ ನನಗೆಲ್ಲಿ ಸಿಗ್ತದೆ?"

ಆಸ್ಪತ್ರೆಯ ಸಲೈನ್ ಪಂಪುಗಳಿಗೆ ಸಾಫ್ಟ್‌ವೇರ್ ಬರೆಯುವ ಸಣ್ಣ ಕಂಪನಿ ಇದು. ಸಾಫ್ಟ್‌ವೇರನ್ನು ಯಾರೂ ಪೂರ್ತಿ ತಾವೇ ಬರೆಯುವುದಿಲ್ಲ. ಹೊರಗಿನವರು ಬರೆದಿಟ್ಟ ಸಿದ್ಧ ಕೋಡನ್ನು, ಅಂದರೆ ಲೈಬ್ರರಿಗಳನ್ನು, ತಂದು ಸೇರಿಸುತ್ತಾರೆ. ಯಾವುದು, ಯಾರದು, ಎಷ್ಟನೇ ಆವೃತ್ತಿ ಎಂದು ಹುಡುಕಿ ಪಟ್ಟಿ ಮಾಡುವುದು ಜಯಲತಾರ ಕೆಲಸ. ಗಂಡ ತಾರಾನಾಥ ಹೋಟೆಲ್ ಮ್ಯಾನೇಜರ್ ಆದ್ದರಿಂದ ಉದಾಹರಣೆಯೂ ಅಲ್ಲಿಯದೇ. "ಸಾಂಬಾರ್ ನಮ್ಮದು, ಸರಿ. ಹಿಂಗು ಯಾರದು? ಹಿಂಗು ಹಾಳಾಗಿದ್ರೆ ಗಿರಾಕಿ ನಮ್ಮ ಗಲ್ಲಾಕ್ಕೇ ಬರೋದಲ್ವಾ?"

ಉಡುಪಿ ಕಡೆಯ ಈ ಬಿ.ಕಾಂ. ಪದವೀಧರೆ ಹದಿನಾಲ್ಕು ವರ್ಷಗಳ ಹಿಂದೆ ಇಲ್ಲಿ ಟೈಪಿಸ್ಟ್ ಆಗಿ ಸೇರಿದರು. ಪಟ್ಟಿ ಮಾಡುವ ಬೇಸರದ ಕೆಲಸ ಯಾರಿಗೂ ಬೇಡವಾಗಿತ್ತು, ಇವರ ತಲೆಗೆ ಬಂತು. ಈಗ ಐವತ್ತೆರಡು ವರ್ಷ, ನೌಕರಿ ಇನ್ನೂ ಕಾಂಟ್ರಾಕ್ಟಿನದು. ಮಾರ್ಚ್ ಕೊನೆಗೆ ಅದೂ ಮುಗಿಯುತ್ತದೆ. ಕಳೆದ ವರ್ಷ ಕಂಪನಿ ಪಟ್ಟಿ ಮಾಡುವ ಟೂಲ್ ಒಂದನ್ನು ಕೊಂಡಿದೆ. ಅದಕ್ಕೆ ನಾಲ್ಕೇ ನಿಮಿಷ ಸಾಕು, ಇವರಿಗೆ ಒಂಬತ್ತು ದಿನ ಬೇಕು.

ಜನವರಿಯಲ್ಲಿ ಟೂಲ್ ಇನ್ನೂರ ಹನ್ನೊಂದು ಹೆಸರು ಕೊಟ್ಟಿತು. ಜಯಲತಾ ಸಹಿ ಹಾಕಲಿಲ್ಲ. ಟೂಲ್ ನೋಡುವುದು ಇಂಥವನ್ನು ಬಳಸಿದ್ದೇವೆಂದು ಇಂಜಿನಿಯರುಗಳು ಘೋಷಿಸಿದ್ದನ್ನು ಮಾತ್ರ. ಇವರು ಫೋಲ್ಡರುಗಳನ್ನೂ ಒಂದೊಂದಾಗಿ ತೆರೆಯುತ್ತಾರೆ. ಒಂದರಲ್ಲಿ ಕೋಡಿಗಿಂತ ವಿವರಣೆಯೇ ಹೆಚ್ಚಿತ್ತು. "ನಮ್ಮವರು ಎರಡು ಸಾಲು ವಿವರ ಬರೆಯೋದಕ್ಕೂ ಅಳ್ತಾರೆ. ಇಲ್ಲಿ ನೋಡಿದ್ರೆ ಪುಟಗಟ್ಟಲೆ! ಇದು ನಮ್ಮ ಮನೆಯದ್ದಲ್ಲ ಅಂತ ಆಗಲೇ ಗೊತ್ತಾಯ್ತು."

ನಿಜ, ಅದು ಹೊರಗಿನದೇ. ಆಫೀಸಿನ ನೆಟ್ಟಿನಲ್ಲಿ ಡೌನ್‌ಲೋಡಿಗೆ ಬೀಗವಿದ್ದ ಕಾಲದಲ್ಲಿ ಯಾರೋ ಮನೆಯಿಂದ ಪೆನ್‌ಡ್ರೈವಿನಲ್ಲಿ ತಂದು ಅಂಟಿಸಿದ್ದರು. ಆ ಲೈಬ್ರರಿಯಲ್ಲಿ ದೋಷವಿದೆ, ಸರಿಪಡಿಸಿಕೊಳ್ಳಿ ಎಂದು ಅದನ್ನು ಬರೆದವರು ಮೂರು ವರ್ಷಗಳ ಹಿಂದೆಯೇ ಸಾರಿದ್ದರು. ಪಟ್ಟಿಯಲ್ಲಿ ಹೆಸರೇ ಇರದಿದ್ದರೆ ಸರಿಪಡಿಸುವವರು ಯಾರು? ಪಂಪು ನಡುವೆ ನಿಂತುಹೋಗುವಷ್ಟು ದೊಡ್ಡ ದೋಷ ಅದು. ಹೊಸ ಪಂಪುಗಳ ರವಾನೆ ಹನ್ನೊಂದು ದಿನ ತಡವಾಯಿತು. ಆಸ್ಪತ್ರೆಗಳಲ್ಲಿದ್ದ ನಲವತ್ತು ಪಂಪುಗಳೂ ದುರಸ್ತಿಯಾದವು.

ತಂದು ಹಾಕಿದ್ದ ಇಂಜಿನಿಯರ್ ತಾನಾಗಿಯೇ ಇವರ ಮೇಜಿನ ಬಳಿ ಬಂದು, "ಮೈನೇ ಡಾಲಾ ಥಾ, ಆಂಟಿ. ಬತಾನಾ ಭೂಲ್ ಗಯಾ", ಹಾಕಿದ್ದು ನಾನೇ, ಹೇಳಲು ಮರೆತೆ ಎಂದು ತಲೆ ತಗ್ಗಿಸಿ ನಿಂತ. ಯಾರು ಏನು ಸೇರಿಸಿದರೆಂಬ ಹಳೆಯ ದಾಖಲೆಗಳು ಸರ್ವರ್ ಬದಲಾಯಿಸುವಾಗ ಹೋಗಿದ್ದರಿಂದ ವಿಷಯ ಗೊತ್ತಿರುವುದು ಇವರಿಬ್ಬರಿಗೇ. ಮ್ಯಾನೇಜರ್ ಮಧ್ವರಾಜ ಜಯಲತಾರನ್ನು ಕರೆದು, ತಂದು ಹಾಕಿದವರ ಹೆಸರು ಬರೆದುಕೊಡಿ, ಮೇಲಿನವರಿಗೆ ತೋರಿಸಿದರೆ ನಿಮ್ಮ ಕಾಂಟ್ರಾಕ್ಟ್ ಮುಂದುವರಿಸುವುದು ಸುಲಭ ಎಂದರು. ಇವರು ಕೊಡಲಿಲ್ಲ. ಮಾರ್ಚ್ ಮುಗಿಯಲು ಇನ್ನು ಮೂರು ವಾರ, ಕಾಂಟ್ರಾಕ್ಟಿನ ಬಗ್ಗೆ ಮೇಲಿನವರಿಂದ ಉತ್ತರ ಬಂದಿಲ್ಲ.

"ಹೆದರಿಕೆ ಉಂಟು, ಇಲ್ಲ ಅನ್ನೋದಿಲ್ಲ. ಮಗಳ ಕಾಲೇಜು ಇನ್ನೂ ಎರಡು ವರ್ಷ ಉಂಟು," ಎನ್ನುತ್ತಾರೆ ಜಯಲತಾ. "ಆದ್ರೆ ಈಗ ಒಬ್ಬೊಬ್ಬರೇ ಬರ್ತಿದ್ದಾರೆ. ಆಂಟಿ, ನಾನೂ ಒಂದು ಸೇರಿಸಿದ್ದೆ, ಬರ್ಕೊಳ್ಳಿ ಅಂತ. ಈ ತಿಂಗಳು ಆರು ಮಂದಿ ಬಂದ್ರು. ಒಬ್ಬನ ಹೆಸರು ಕೊಟ್ಟಿದ್ರೆ ಒಬ್ಬರೂ ಬರ್ತಿರಲಿಲ್ಲ."

ಆ ಇಂಜಿನಿಯರ್ ಯಾರೆಂದು ನಮ್ಮ ಪತ್ರಿಕೆಯವರೂ ಮೆಲ್ಲಗೆ ಕೇಳಿ ನೋಡಿದರು. ಜಯಲತಾ ಕಂಪ್ಯೂಟರ್ ಪರದೆಯನ್ನು ಇತ್ತ ತಿರುಗಿಸಿ, ಪಟ್ಟಿಯ ತಲೆಸಾಲಿನ ಮೇಲೆ ಬೆರಳಾಡಿಸಿದರು.

"ಲೈಬ್ರರಿ ಹೆಸರು, ಆವೃತ್ತಿ, ಬರೆದವರು, ಎಲ್ಲಿ ಬಳಸಿದ್ದು. ತಪ್ಪು ಮಾಡಿದವರು ಅಂತ ಇದರಲ್ಲಿ ಕಾಲಮ್ಮೇ ಇಲ್ಲ."