ಆಯಿಯ ಮಶೇರಿ ಬೆರಳು

ಎಡಗೈ ತೋರುಬೆರಳಿನ ಉಗುರಿನ ಕೆಳಗೆ ಒಂದು ಕಪ್ಪು ಗೆರೆ. ಪಾತ್ರೆ ತಿಕ್ಕಿದರೂ ಬಟ್ಟೆ ಒಗೆದರೂ ಅದು ಹೋಗುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಆ ಬೆರಳೊಂದನ್ನು ಮಾತ್ರ ಮೇಲೆತ್ತಿ ಹಿಡಿದಿರುತ್ತಿದ್ದಳು, ಮಾತಿನ ಮಧ್ಯೆ ಏನನ್ನೋ ತೋರಿಸುತ್ತಿರುವವಳ ಹಾಗೆ. ಆ ಬೆರಳು ಹಿಟ್ಟಿಗಲ್ಲ, ಬಾಯಿಗೆ ಮೀಸಲು.

ಅವಳು ನನ್ನ ಅಪ್ಪನ ತಾಯಿ. ನಾವು ಆಯಿ ಅನ್ನುತ್ತಿದ್ದೆವು. ನಿಪ್ಪಾಣಿಯ ನಮ್ಮ ಗಲ್ಲಿಯಲ್ಲಿ ಅವಳು ಹುರಿದಂಥ ಮಶೇರಿಯನ್ನು ಬೇರೆ ಯಾರೂ ಹುರಿಯುತ್ತಿರಲಿಲ್ಲ. ತಂಬಾಕನ್ನು ಹಳೆಯ ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು ನುಣ್ಣಗೆ ಅರೆದರೆ ಮಶೇರಿ. ನಮ್ಮ ಕಡೆಯ ಹೆಂಗಸರು ಅದರಿಂದಲೇ ಹಲ್ಲುಜ್ಜುತ್ತಾರೆ. ಹಲ್ಲು ಗಟ್ಟಿಯಾಗುತ್ತದೆ, ವಸಡು ಬಿಗಿಯುತ್ತದೆ ಎಂದು ಅವರ ನಂಬಿಕೆ. ನೋವು ಗೊತ್ತಾಗದ ಹಾಗೆ ವಸಡು ಜೋಮು ಹಿಡಿಯುತ್ತದೆ ಅನ್ನುವುದಷ್ಟೇ ನಿಜ. ಆಯಿ ಹುರಿಯಲು ಕೂತ ದಿನ ಆ ಘಾಟಿಗೆ ಅಕ್ಕಪಕ್ಕದ ಮನೆಗಳಲ್ಲೆಲ್ಲ ಕೆಮ್ಮು. ಯಾರಾದರೂ ಗೊಣಗಿದರೆ ಒಳಗಿನಿಂದಲೇ ಕೂಗುತ್ತಿದ್ದಳು: "ಕೆಮ್ಮರಿ, ಕೆಮ್ಮರಿ. ನಾಳೆ ಹಲ್ಲ ನೂಸಾಕ ಹತ್ತಿದ್ರ ಇಲ್ಲೇ ಬರತೀರಿ."

ಬರುತ್ತಿದ್ದರು ಕೂಡ. ಹಲ್ಲುನೋವೆಂದು ಬಂದವರ ಗದ್ದವನ್ನು ಹೆಬ್ಬೆರಳು ಮತ್ತು ನಡುಬೆರಳ ನಡುವೆ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, "ಬಾಯಿ ತಗಿ" ಅನ್ನುತ್ತಿದ್ದಳು. ಹಿಡಿತ ನೋಯುವಷ್ಟು ಬಿಗಿ. ಬಾಯೊಳಗೆ ಕಂಡದ್ದನ್ನು ಗಲ್ಲಿಗೆಲ್ಲ ಕೇಳುವಂತೆ ಹೇಳಿ, ಆಮೇಲೆ ಒಂದು ಚಿಮಟಿ ಮಶೇರಿ ತಿಕ್ಕುತ್ತಿದ್ದಳು. ಒಬ್ಬಾಕೆಗೆ, "ಯವ್ವಾ, ಇದು ಬಾಯಲ್ಲ, ಸುಟ್ಟ ಗುಡಿಸಲಾ" ಎಂದದ್ದು ನನಗೆ ನೆನಪಿದೆ. ಆ ಹೆಂಗಸು ಬಾಯಿ ತೆರೆದುಕೊಂಡೇ ಅತ್ತಿದ್ದಳು.

ಅವ್ವ ಶೇಡಬಾಳದ ಒಕ್ಕಲು ಮನೆತನದವಳು. ತವರಿನಲ್ಲಿ ಬೇವಿನ ಕಡ್ಡಿಯಿಂದ ಹಲ್ಲುಜ್ಜಿ ಬೆಳೆದವಳು. ಮದುವೆಯಾಗಿ ಬಂದ ದಿನ ಯಾರದೋ ಮಾತಿಗೆ ನಕ್ಕಳಂತೆ. ಹೊಸ್ತಿಲಲ್ಲೇ ಆಯಿ ಹೊಸ ಸೊಸೆಯನ್ನು ತೋರಿಸಿ ಹೇಳಿದಳು: "ನಮ್ಮ ಸೂನಬಾಯಿ ನಕ್ಕರ ಭಿಂತಿ ಬೆಳಕಾಗತೈತಿ. ಇನ್ನ ಮನ್ಯಾಗ ಕಂದೀಲ ಬ್ಯಾಡ." ನೆರೆದವರು ಗೋಡೆಯ ಕಡೆ ನೋಡಿ ನಕ್ಕರು. ಅವ್ವ ಅಂದಿನಿಂದ ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ಕಲಿತಳು.

ನಾನು ಹೊಟ್ಟೆಯಲ್ಲಿದ್ದಾಗ ಅವ್ವನ ವಸಡು ಊದಿ ರಕ್ತ ಬರತೊಡಗಿತು. ಆಯಿ ದಿನಾ ಮುಂಜಾನೆ ತಾನೇ ಮಶೇರಿ ತಿಕ್ಕಿದಳು. ನಾನು ಹುಟ್ಟುವ ಹೊತ್ತಿಗೆ ಅವ್ವನಿಗೆ ಅದಿಲ್ಲದೆ ತಲೆ ಎತ್ತಲಾಗದ ಚಟ ಹತ್ತಿತ್ತು. ನನಗೆ ಆರು ವರ್ಷವಾದಾಗ, ಹಾಲುಹಲ್ಲು ಅಲುಗಾಡುತ್ತಿದೆ ಎಂದು ಅತ್ತದ್ದಕ್ಕೆ, ಆಯಿ ನನಗೂ ಹಚ್ಚಿದಳು. ಮೊದಲ ದಿನ ವಾಂತಿ ಮಾಡಿಕೊಂಡೆ. ಎಂಟು ದಿನದೊಳಗೆ ನಾನೇ ಆಯಿಯ ಹಿಂದೆ ಬೆರಳು ಚಾಚಿಕೊಂಡು ತಿರುಗುತ್ತಿದ್ದೆ.

ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಶಾಲೆಗೆ ಹಲ್ಲಿನ ಡಾಕ್ಟರ್ ಬಾಯಿ ಒಬ್ಬರು ತಪಾಸಣೆಗೆ ಬಂದರು. ನನ್ನನ್ನು ಕರೆದೊಯ್ಯಲು ಬಂದ ಅವ್ವನನ್ನೂ ಬೆಂಚಿನ ಮೇಲೆ ಕೂರಿಸಿ ನೋಡಿದರು. "ಅಕ್ಕಾರ, ಇವು ಇನ್ನೂ ಉಳೀತಾವ್ರಿ. ಮಶೇರಿ ಒಂದು ಬಿಡ್ರಿ. ಒಮ್ಮೆ ದವಾಖಾನಿಗೆ ಬಂದು ಕಟ್ಟಿದ ಕಿಟ್ಟ ತಗಿಸಿಕೊಳ್ರಿ. ಆಮ್ಯಾಲ ಮನ್ಯಾಗ ಮುಂಜಾನಿ, ಮಲಗೂ ಮುಂದ, ಎರಡೂ ಹೊತ್ತು ಮೆತ್ತನ್ನ ಬ್ರಷ್‌ಲೆ ತಿಕ್ಕರಿ. ಜೋರಲೆ ಬ್ಯಾಡ. ಹಲ್ಲು, ವಸಡಿ ಕೂಡೂ ಜಾಗಾದಾಗ ಸಣ್ಣಂಗ ತಿರವರಿ. ರಕ್ತ ಬಂತಂತ ಬಿಡಬ್ಯಾಡ್ರಿ." ಒಂದು ಹಸಿರು ಬ್ರಷ್ ಕೊಟ್ಟರು.

ದವಾಖಾನೆಗೆ ಕಳಿಸುವವರು ಯಾರೂ ಇರಲಿಲ್ಲ. ಅವ್ವ ಮನೆಯಲ್ಲಿ ಮಾಡಬಹುದಾದದ್ದನ್ನು ಮಾಡಿದಳು. ಬ್ರಷ್ಷನ್ನು ಜೋಳದ ಡಬ್ಬಿಯೊಳಗೆ ಹೂತಿಟ್ಟಳು. ಆಯಿ ಗುಡಿಗೆ ಹೋದ ಹೊತ್ತಿನಲ್ಲಿ ಬಚ್ಚಲಲ್ಲಿ ಕೂತು ಉಜ್ಜಿ, ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುತ್ತಿದ್ದಳು. ಮಶೇರಿ ಬಿಟ್ಟ ತಲೆನೋವಿಗೆ ಹಣೆಗೆ ಸೆರಗು ಬಿಗಿದುಕೊಂಡು ಕೆಲಸ ಮಾಡಿದಳು. ಒಂದು ತಿಂಗಳ ಮೇಲೆ ಕೆಲವು ದಿನಗಳಾಗಿರಬೇಕು, ನನ್ನನ್ನು ಬಚ್ಚಲಿಗೆ ಕರೆದು ಉಗುಳಿ ತೋರಿಸಿದಳು. "ನೋಡ, ಬೆಳ್ಳಗೈತಿ. ರಕ್ತ ಇಲ್ಲ." ಅಷ್ಟು ಖುಷಿಯಾದ ಅವ್ವನನ್ನು ನಾನು ಮತ್ತೆ ನೋಡಿಲ್ಲ.

ಅದೇ ಖುಷಿಯಲ್ಲಿ ಅವಳು ನನ್ನ ಮಶೇರಿಯನ್ನೂ ನಿಲ್ಲಿಸಿದಳು. ನನಗೆ ಸಿಟ್ಟಿತ್ತು. ಆಯಿಗೆ ಅದು ತಿಳಿಯಿತು. ಒಂದು ಮಧ್ಯಾಹ್ನ ಮಶೇರಿ ಡಬ್ಬಿಯ ಮುಚ್ಚಳದ ಮೇಲೆ ಒಂದು ಚಿಮಟಿ ಹಾಕಿ ನನ್ನ ಮುಂದಿಟ್ಟಳು.

"ಏ ಪೋರಿ, ನಿಮ್ಮವ್ವ ಬಚ್ಚಲದಾಗ ಏನ ಮಾಡಾಕತ್ತಾಳ?"

ನಾನು ಹೇಳಿದೆ. ಜೋಳದ ಡಬ್ಬಿಯನ್ನೂ ತೋರಿಸಿದೆ. ಆಮೇಲೆ ಮುಚ್ಚಳ ನೆಕ್ಕಿದೆ.

ಆಯಿ ಕೂಗಾಡಲಿಲ್ಲ. ಮರುದಿನ ಐದಾರು ಹೆಂಗಸರು ನಮ್ಮ ಪಡಸಾಲೆಯಲ್ಲಿ ಬೀಡಿ ಕಟ್ಟಲು ಕೂತಿದ್ದರು. ಅವರ ಮಧ್ಯೆ ಸೀಮೆಎಣ್ಣೆ ಸ್ಟೋವ್ ತಂದಿಟ್ಟು, ಹಸಿರು ಬ್ರಷ್ ತೆಗೆದು, ಬರ್ನರಿನ ಮಸಿಯನ್ನು ನಿಧಾನವಾಗಿ ತಿಕ್ಕತೊಡಗಿದಳು.

"ಆಯಿ, ಹೊಸಾ ಬ್ರಷ್ ಏನ?" ಎಂದಳೊಬ್ಬಳು.

"ನಮ್ಮ ಸೂನಬಾಯೀದು. ಡಾಕ್ಟರ್ ಕೊಟ್ಟಾರಂತ. ಅಕಿ ಬಾಯಿಗಿಂತ ಈ ಸ್ಟೋವ್ ಸ್ವಚ್ಛ ಐತಿ, ಖರೆ. ಆದ್ರೂ ಇರ್ಲಿ, ತಿಕ್ಕೂಣು."

ನಗುವಿನ ಮಧ್ಯೆ ಅವ್ವನನ್ನು ಕೂಗಿ ಕರೆದು, ಮಸಿ ಮೆತ್ತಿದ ಬ್ರಷ್ಷನ್ನು ಎರಡೂ ಕೈಯಲ್ಲಿ ಬಾಗಿನದಂತೆ ಹಿಡಿದು ಕೊಟ್ಟಳು. "ತಗೋಳವ್ವಾ. ಪಾಲಿಶ್ ಆತು. ಈಗ ತಿಕ್ಕೊ."

ಅವ್ವನೂ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು. ಎರಡು ದಿನ ಬಿಟ್ಟು ಮಶೇರಿ ಡಬ್ಬಿಗೆ ಬೆರಳು ಹಾಕಿದಳು. ನನ್ನನ್ನೂ ತಡೆಯಲಿಲ್ಲ. ಬ್ರಷ್ ಎಲ್ಲಿದೆ ಎಂದು ಯಾರು ಹೇಳಿದರೆಂದು ಅವಳು ನನ್ನನ್ನು ಎಂದೂ ಕೇಳಲಿಲ್ಲ. ಕೇಳದ್ದಕ್ಕೆ ಕಾರಣ ಒಂದೇ ಇರಬಹುದು.

ಆಯಿಯ ಬಗ್ಗೆ ಇಷ್ಟನ್ನೇ ಹೇಳಿ ನಿಲ್ಲಿಸಲು ಬರುವುದಿಲ್ಲ. ಗಂಡ ಸತ್ತಾಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ. ತಂಬಾಕಿನ ವಖಾರಿಯಲ್ಲಿ ಧೂಳಿನ ಮಧ್ಯೆ ಎಲೆ ಬಡಿದು ಅಪ್ಪನನ್ನು ಸಾಕಿದಳು. ಹಸಿವು ಗೊತ್ತಾಗಬಾರದೆಂದು ಮಶೇರಿ ಹಿಡಿದಳು. ಹತ್ತನೆಯ ಇಯತ್ತೆ ಮುಗಿದೊಡನೆ ನನಗೆ ಗಂಡು ನೋಡಲು ಹೊರಟ ಅಪ್ಪನನ್ನು ತಡೆದವಳೂ ಅವಳೇ. ತನ್ನ ಎರಡೂ ಅಂಗೈಗಳನ್ನು ಅವನ ಮುಖಕ್ಕೆ ಹಿಡಿದು, "ಇವನ್ನ ಮೂಸಿ ನೋಡ. ಮೂವತ್ತ ವರ್ಷ ಆತು, ಇನ್ನೂ ವಾಸನಿ ಹೋಗಿಲ್ಲ. ಪೋರಿ ಕಲೀಲಿ" ಎಂದಳು. ನಾನು ಎಂ.ಎಸ್ಸಿ. ಓದಿದ್ದು ಆ ಅಂಗೈಗಳಿಂದ. ಇದೂ ನಿಜ, ಸ್ಟೋವೂ ನಿಜ.

ನಾನು ಪಿಯುಸಿಯಲ್ಲಿದ್ದಾಗ ಅವ್ವನ ಮುಂದಿನ ನಾಲ್ಕು ಹಲ್ಲುಗಳನ್ನು ಚಿಕ್ಕೋಡಿಯಲ್ಲಿ ಕೀಳಿಸಿಕೊಂಡು ಬಂದೆವು. ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಅವ್ವ ಹೊಸ್ತಿಲು ದಾಟಿದಳು. ಆಯಿ ತಲೆ ಎತ್ತಿ ನೋಡಿ, "ಭಿಂತಿ ಕತ್ತಲಾತು" ಎಂದಳು. ಅಷ್ಟೇ. ಮತ್ತೆ ಅಕ್ಕಿ ಆರಿಸತೊಡಗಿದಳು.

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಹುಡುಗಿ ಮೂರನೆಯ ದಿನವೇ ಮಂಚವನ್ನು ಕಿಟಕಿಯ ಕಡೆಗೆ ಎಳೆದುಕೊಂಡಳು. ನನ್ನ ಬಾಯಿಯ ವಾಸನೆಗೆ ಎಂದು ನನಗೆ ಗೊತ್ತಿತ್ತು. ಆ ವಾರ ಮಶೇರಿ ಬಿಟ್ಟೆ. ಹತ್ತು ದಿನ ತಲೆ ಸಿಡಿಯಿತು. ದವಾಖಾನೆಯಲ್ಲಿ ಕಿಟ್ಟ ತೆಗೆಸಿದೆ. ಅವ್ವನಿಗೆ ಡಾಕ್ಟರ್ ಬಾಯಿ ಹೇಳಿದ್ದನ್ನೆಲ್ಲ ನೆನಪಿನಿಂದ ಒಂದೊಂದಾಗಿ ಮಾಡಿದೆ. ಹಿಂದಿನ ದವಡೆಯಿಂದ ಶುರು ಮಾಡಿ, ಒಳಮೈ, ಹೊರಮೈ, ಕೊನೆಗೆ ನಾಲಿಗೆ. ಬ್ರಷ್ಷಿನ ಎಳೆಗಳು ಚದುರಿದೊಡನೆ ಹೊಸದು. ಕೆಲವು ವಾರಗಳಲ್ಲಿ ನನ್ನ ಉಗುಳೂ ಬೆಳ್ಳಗಾಯಿತು. ತೋರಿಸಲು ಯಾರನ್ನೂ ಕರೆಯಲಿಲ್ಲ.

ಓದು ಮುಗಿಸಿ ಊರಿಗೆ ಬಂದ ವರ್ಷ ಆಯಿಗೆ ಲಕ್ವಾ ಹೊಡೆಯಿತು. ಎಡಭಾಗ ಬಿದ್ದುಹೋಯಿತು. ಆ ಬೆರಳೂ. ನುಂಗುವುದು ಕಷ್ಟ, ಬಾಯಿ ಸ್ವಚ್ಛ ಇರದಿದ್ದರೆ ಎದೆಗೆ ಸೋಂಕು ಇಳಿಯಬಹುದು, ದಿನಾ ಎರಡು ಸಲ ಒರೆಸಿ ಎಂದು ಡಾಕ್ಟರು ಹೇಳಿದರು. ಆ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ.

ಅವಳನ್ನು ಮಗ್ಗುಲಿಗೆ ಹೊರಳಿಸಿ, ಕೆನ್ನೆಯ ಕೆಳಗೆ ಬಟ್ಟೆ ಹಾಸಿ, ಮಕ್ಕಳ ಬ್ರಷ್ಷನ್ನು ನೀರಲ್ಲದ್ದಿ ಹಿಂಡಿ, ಮೊಬೈಲಿನ ಬೆಳಕಿನಲ್ಲಿ ಉಜ್ಜುತ್ತಿದ್ದೆ. ಉಳಿದಿದ್ದವು ಒಂಬತ್ತು ಹಲ್ಲು. ಆಯಿ ಬಲಗೈಯಿಂದ ಗೋಡೆಯ ಗೂಡು ತೋರಿಸುತ್ತಿದ್ದಳು. ಅಲ್ಲಿ ಡಬ್ಬಿ ಇತ್ತು. ತೊದಲುತ್ತ ಹೇಳುತ್ತಿದ್ದಳು: "ಚಿಮಟಿ... ಒಂದ ಚಿಮಟಿ."

"ಬ್ಯಾಡ ಆಯಿ. ವಸಡಿ ಹಾಳಾಗತಾವು." ನನ್ನ ದನಿ ಮೆತ್ತಗಿರುತ್ತಿತ್ತು.

ಕೆಲವು ದಿನ ಅವಳು ಹಲ್ಲು ಕಚ್ಚಿ ಹಿಡಿದಳು. ಆಗ ನಾನು ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಒಂದು ಚಿಮಟಿ ಮುಚ್ಚಳದ ಮೇಲೆ ಹಾಕಿ ಅವಳ ಕಣ್ಣೆದುರಿಗೆ ಇಟ್ಟೆ. "ಬಾಯಿ ತಗಿ. ಆಮ್ಯಾಲ ನೋಡೂಣು." ಬಾಯಿ ತೆರೆದಳು. ಉಜ್ಜಿದೆ, ಒರೆಸಿದೆ. ಆಮೇಲೆ ಚಿಮಟಿಯನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿ ಗೂಡಿಗಿಟ್ಟೆ. ಹನ್ನೊಂದು ದಿನ ಹಾಗೆ ಮಾಡಿದೆ. ಹನ್ನೊಂದೂ ದಿನ ಅವಳು ನಂಬಿ ಬಾಯಿ ತೆರೆದಳು. ನನಗೆ ಬೇಸರವಾಗುತ್ತಿರಲಿಲ್ಲ. ಮುಂಜಾನೆಗಾಗಿ ಕಾಯುತ್ತಿದ್ದೆ.

ಅವ್ವ ಬಾಗಿಲಲ್ಲಿ ನಿಂತು ನೋಡಿದ್ದಳು. "ಕೊಡ ಅಕಿಗೆ. ಇನ್ನೆಷ್ಟ ದಿನ ಇರತಾಳ?"

"ಡಾಕ್ಟರ್ ಬ್ಯಾಡಂದಾರ."

"ಡಾಕ್ಟರ್ ಡಬ್ಬಿ ತೋರಿಸಂದಾರೇನ?"

ನಾನು ಬ್ರಷ್ ತೊಳೆಯಲು ಬಚ್ಚಲಿಗೆ ಹೋದೆ. ಹನ್ನೆರಡನೆಯ ದಿನ ಮುಚ್ಚಳ ತೆಗೆಯುವ ಮುಂಚೆಯೇ ಆಯಿ ತಾನಾಗಿ ಬಾಯಿ ತೆರೆದಳು. ಉಜ್ಜಿ ಮುಗಿಸಿದಾಗ ಸೊಟ್ಟ ತುಟಿಯಲ್ಲಿ ನಕ್ಕು, ಒಂದೊಂದೇ ಮಾತು ಹೆಕ್ಕಿ ಹೇಳಿದಳು: "ನನ್ನ... ಮೊಮ್ಮಗಳ... ಹೌದ ನೀ." ಬೈಗುಳವಲ್ಲ. ಅವಳು ಯಾರನ್ನೂ ಹಾಗೆ ಹೊಗಳಿದ್ದನ್ನು ನಾನು ಕೇಳಿರಲಿಲ್ಲ.

ಆ ವಾರ ನೋಡಲು ಬಂದ ಡಾಕ್ಟರು ಬಾಯಿ ಪರೀಕ್ಷಿಸಿ ನನ್ನನ್ನು ಮೆಚ್ಚಿದರು. ವಸಡು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ರಕ್ತವಿಲ್ಲ, ವಾಸನೆಯಿಲ್ಲ. ಬದುಕಿನಲ್ಲಿ ಎಂದೂ ಇರದಷ್ಟು ಆರೋಗ್ಯದ ಬಾಯಿ ಇಟ್ಟುಕೊಂಡು ಆಯಿ ಮೂರನೆಯ ದಿನ ಸತ್ತಳು.

ಬಂದವರೆಲ್ಲ ಬಾಯಿಗೆ ನೀರು ಬಿಟ್ಟರು. ಅವ್ವನ ಸರದಿ ಬಂದಾಗ ಅವಳು ಎದ್ದು ಗೂಡಿನಿಂದ ಡಬ್ಬಿ ತಂದಳು. ಆಯಿಯ ಎಡಗೈಯ ಆ ಬೆರಳನ್ನೇ ಹಿಡಿದು, ಮಶೇರಿಯಲ್ಲಿ ಅದ್ದಿ, ಕೆಳತುಟಿ ಸರಿಸಿ, ನಾನು ಉಜ್ಜಿ ಬೆಳ್ಳಗೆ ಮಾಡಿದ್ದ ಹಲ್ಲುಗಳ ಬುಡಕ್ಕೆ ತಿಕ್ಕಿದಳು. ನಿಧಾನವಾಗಿ, ಒಂದನ್ನೂ ಬಿಡದೆ. ಉಗುರಿನ ಕೆಳಗೆ ಗೆರೆ ಮತ್ತೆ ಕಪ್ಪಾಯಿತು. ಹೆಂಗಸರು ಅತ್ತರು. ಅವ್ವ ಅಳಲಿಲ್ಲ. ಬೆರಳಿಗೆ ಉಳಿದ ಪುಡಿಯನ್ನು ತನ್ನ ವಸಡಿಗೆ ಹಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ಅವ್ವ ಏಳುವ ಮುಂಚೆಯೇ ಡಬ್ಬಿಯನ್ನು ಬಚ್ಚಲಿಗೆ ಸುರಿದೆ. ಉಪ್ಪು ಹಾಕಿ ನೀರು ಬೆಚ್ಚಗೆ ಮಾಡಿದೆ. ಹಾಸ್ಟೆಲಿನಿಂದ ತಂದ ಪೆಟ್ಟಿಗೆಯಲ್ಲಿ ಪೊಟ್ಟಣ ಒಡೆಯದ ಬ್ರಷ್ ಒಂದಿತ್ತು. ಅವ್ವನನ್ನು ಕರೆದು ಬಚ್ಚಲ ಕಟ್ಟೆಯ ಮೇಲೆ ಕೂರಿಸಿ ಅದನ್ನು ತೋರಿಸಿದೆ.

ಅವಳು ಬ್ರಷ್ಷನ್ನು ನೋಡಿದಳು, ನನ್ನನ್ನು ನೋಡಿದಳು. "ಸ್ಟೋವ್ ತಿಕ್ಕಾಕ?" ಎಂದಳು.

"ಬಾಯಿ ತಗಿ ಯವ್ವಾ."

"ಗದ್ದ ಬಿಡ. ನೋಯಾಕತ್ತೈತಿ."

ಆಗ ನೋಡಿಕೊಂಡೆ. ನನ್ನ ಹೆಬ್ಬೆರಳು ಮತ್ತು ನಡುಬೆರಳ ನಡುವೆ ಅವಳ ಗದ್ದ ಇತ್ತು. ಮುಖವನ್ನು ಆಗಲೇ ಬೆಳಕಿಗೆ ತಿರುಗಿಸಿದ್ದೆ. ಬೆರಳನ್ನು ಸ್ವಲ್ಪ ಸಡಿಲಿಸಿದೆ. ಬಿಡಲಿಲ್ಲ. ಅವ್ವ ಬಾಯಿ ತೆರೆದಳು.