ಬ್ಯಾರನ್ ಪದವಿ ಬಂದ ವರ್ಷ

ಮೊನ್ನೆ ದುಬೈಯ ಡಿಸ್ಕವರಿ ಗಾರ್ಡನ್ಸಿನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಯಾರೋ ಪೈಪು ಸೇದಿ ಹೋಗಿದ್ದರು. ಆ ಸಿಹಿ ಹೊಗೆವಾಸನೆ ಮೂಗಿಗೆ ಬಡಿದದ್ದೇ, ತೊಂಬತ್ತರ ದಶಕದ ನನ್ನ ಇಂಗ್ಲಿಷ್ ಬಾಸ್ ಎದುರು ಬಂದು ನಿಂತಂತಾಯಿತು...

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಆಫೀಸಿನಲ್ಲಿ ನಾನು ಅವರ ಸೆಕ್ರೆಟರಿ. ಬಿಡುವಾದಾಗಲೆಲ್ಲ ಅವರು ವಂಶದ ಕಥೆ ಹೇಳುತ್ತಿದ್ದರು. ಪೂರ್ವಿಕನೊಬ್ಬ ರಾಜನ ಯುದ್ಧಕ್ಕೆ ಹಡಗು ಕೊಟ್ಟು ಬ್ಯಾರನ್ ಎಂಬ ಕುಲೀನ ಪದವಿ ಪಡೆದನಂತೆ. ಅವನ ಮಗ ಕುದುರೆ ಜೂಜಿನಲ್ಲಿ ಜಮೀನು ಕಳೆದ, ಮೊಮ್ಮಗ ಬಂಗಲೆ ಮಾರಿದ. ಉಳಿದದ್ದು ಪದವಿಯೊಂದೇ. ಅದು ತಂದೆಯಿಂದ ಹಿರಿಯ ಮಗನಿಗೆ, ಮಗನಿಲ್ಲದಿದ್ದರೆ ಹತ್ತಿರದ ಗಂಡು ದಾಯಾದಿಗೆ. ಆಗ ಅದು ಅವರ ದೊಡ್ಡಪ್ಪನ ಮಗನ ಹತ್ತಿರ ಇತ್ತು.

ಬಾಸಿಗೆ ಹೆಂಡತಿ ಇದ್ದಾಳೆಂದು ಆಫೀಸಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಕುಂದಾಪುರ ಕಡೆಯ ನರ್ಸ್, ನಾನು ಅಕ್ಕ ಎನ್ನುತ್ತಿದ್ದೆ. ಮಂಗಳೂರಿನಲ್ಲಿ ರಿಜಿಸ್ಟರ್ ಮದುವೆಯಾಗಿತ್ತು. ಆರು ವರ್ಷದ ಮಗನಿದ್ದ.

ದೊಡ್ಡಪ್ಪನ ಮಗ ಮಕ್ಕಳಿಲ್ಲದೆ ತೀರಿಕೊಂಡು ಪದವಿ ಬಾಸಿಗೆ ಬಂತು. ಅವರು ಬಾಗಿಲು ಹಾಕಿಸಿ ಲಂಡನ್ನಿನ ವಕೀಲರಿಗೆ ಪತ್ರ ಬರೆಸಿದರು: ನನಗೆ ಮದುವೆಯಾಗಿಲ್ಲ, ಮಕ್ಕಳಿಲ್ಲ, ನನ್ನ ನಂತರ ನನ್ನ ತಮ್ಮ.

ನನ್ನ ಕೈ ನಿಂತಿತು.

"ಆ ಹುಡುಗನ ಬಣ್ಣದ ಬ್ಯಾರನ್ನನ್ನು ನಮ್ಮ ಕಡೆ ಯಾರೂ ಕಂಡಿಲ್ಲ," ಎಂದರು. "ನಿನ್ನ ವೀಸಾ ಮುಂದಿನ ತಿಂಗಳಲ್ಲವೇ ಮುಗಿಯೋದು?"

ಟೈಪ್ ಮಾಡಿದೆ.

ಮಾರನೇ ದಿನ ಅಕ್ಕ ಪದವಿ ಬಂದ ಖುಷಿಗೆ ಮಗನಿಗೆ ಕೋಟು ಹಾಕಿಸಿ, ಕೈಯಾರೆ ಮಾಡಿದ ಹಲ್ವ ಆಫೀಸಿಗೆ ತಂದಳು. ಒಳಗೆ ಇಂಗ್ಲೆಂಡಿನವರೊಬ್ಬರು ಕೂತಿದ್ದರು. "ಮನೆಗೆಲಸದವಳು," ಎಂದು ಬಾಸ್ ಅವಳೆದುರೇ ಹೇಳಿದರು. ಹುಡುಗ "ಡ್ಯಾಡಿ" ಎಂದಾಗ, "ಸಲುಗೆ ಕೊಟ್ಟದ್ದು ಹೆಚ್ಚಾಯಿತು," ಎಂದು ನಕ್ಕರು.

ಹೊರಗೆ ಬಂದ ಅಕ್ಕ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟಳು. "ಜನ್ರ ಎದ್ರಿಗೆ ಹಾಂಗೆ ಹೇಳಿದ್ರು, ಇರ್ಲಿ. ವಕೀಲರಿಗೆ ಕಳ್ಸಿದ ಕಾಗದದಲ್ಲಿ ಮಗನ ಹೆಸರು ಬರ್ದಿದಾರೆ ಅಲ್ದಾ?"

"ಬರೆದಿದ್ದಾರೆ ಅಕ್ಕ," ಎಂದೆ.

ಎರಡು ವಾರದಲ್ಲಿ ಬಾಸ್ ಇಂಗ್ಲೆಂಡಿಗೆ ಹೋದವರು ತಿರುಗಿ ಬರಲಿಲ್ಲ. ಅಕ್ಕ ವಾರವಾರವೂ ಬಂದು ಪತ್ರ ಬಂತಾ ಎಂದು ಕೇಳುತ್ತಿದ್ದಳು. ನನ್ನ ಮಾತು ನಂಬಿ ಯಾವ ವಕೀಲನ ಬಳಿಗೂ ಹೋಗಲಿಲ್ಲ. ಕೊನೆಗೊಂದು ದಿನ ಮಗನನ್ನು ಕರೆದುಕೊಂಡು ಊರಿಗೆ ಹೊರಟಳು...

ಬಾಸ್ ಹೆಚ್ಚು ವರ್ಷ ಬದುಕಲಿಲ್ಲ. ಅವರ ತಮ್ಮ ಬ್ಯಾರನ್ ಆದ. ಅವನಿಗೂ ಮಕ್ಕಳಿರಲಿಲ್ಲ. ವಾರಸುದಾರರಿಲ್ಲದೆ ಪದವಿ ಅವನೊಂದಿಗೇ ಮುಗಿಯಿತೆಂದು ಇಂಟರ್ನೆಟ್ಟಿನಲ್ಲಿ ಓದಿದೆ.

ಆ ವಾರಸುದಾರ ಈಗ ಇದೇ ದುಬೈಯ ಸತ್ವಾ ಬಡಾವಣೆಯ ಔಷಧಿ ಅಂಗಡಿಯಲ್ಲಿದ್ದಾನೆ. ನನ್ನ ಬಿಪಿ ಮಾತ್ರೆ ಅವನೇ ಕೊಡುತ್ತಾನೆ. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. "ಅಪ್ಪ ಒಳ್ಳೆಯವರು, ಚಿಕ್ಕಪ್ಪನೇ ಮೋಸ ಮಾಡಿದ್ದು ಅಂತ ಅಮ್ಮ ಕೊನೆವರೆಗೂ ಹೇಳ್ತಿದ್ರು ಅಂಕಲ್," ಎಂದ ಹೋದ ವಾರ.

"ಹೌದಪ್ಪ," ಎಂದು ಮಾತ್ರೆ ತಗೊಂಡು ಬಂದೆ.